ಅಟ್ಟದ ಮೇಲಿನ ಎರಡು ಕಂಪ್ಯೂಟರುಗಳು

ಕಳೆದ ಆಷಾಢದಲ್ಲೊಂದು ಸಂಜೆ ಪತ್ರಿಕೆಯ ಕೆಲಸ ಮುಗಿಸಿ ವೇಲಚೇರಿಯ ಮನೆಗೆ ಮರಳಿದಾಗ, ಹಿಂದೆ ನಮ್ಮ ಹೋಟಲಿನಲ್ಲಿ ಅಡಿಗೆಗಿದ್ದ ಭಟ್ಟರು ಬಾಗಿಲಲ್ಲಿ ಕಾದು ನಿಂತಿದ್ದರು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆಯೇ ವಿಷಯಕ್ಕೆ ಬಂದರು.

"ಸಣ್ಣ ಧಣಿಗಳೇ, ಬರುವ ವರ್ಷ ನನಗೆ 58 ತುಂಬುತ್ತದೆ. ಪಿಂಚಣಿಗೆ 10 ವರ್ಷದ ಸೇವೆ ಬೇಕಂತೆ. ಬೆಂಗಳೂರಿನ ಹೋಟಲಿನದು 6 ವರ್ಷ ಲೆಕ್ಕಕ್ಕೆ ಸಿಕ್ಕಿದೆ. ನಿಮ್ಮಲ್ಲಿ ದುಡಿದ 5 ವರ್ಷದ ಪಿ.ಎಫ್. ನಂಬರು ಮಾತ್ರ ನನ್ನಲ್ಲಿಲ್ಲ."

1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ ನಿಯಮವನ್ನು ನಮ್ಮ ಹೋಟಲು ಬಂಧುಗಳಲ್ಲಿ ಅನೇಕರು ಬಲ್ಲರು. 2014ರಿಂದೀಚೆಗೆ ನೌಕರನಿಗೆ ಒಂದೇ ಶಾಶ್ವತ ಸಂಖ್ಯೆ ದೊರೆಯುತ್ತಿದೆ. ಅದಕ್ಕೆ ಮೊದಲು ಹೋಟಲು ಬದಲಾದರೆ ನಂಬರೂ ಬದಲಾಗುತ್ತಿತ್ತು; ಚೀಟಿ ಕಳೆದುಕೊಂಡವನ ದುಡಿಮೆಯೂ ಕಳೆದಂತೆಯೇ. ನಮ್ಮ ಸಂಬಳದ ಪುಸ್ತಕಗಳಾದರೋ 2015ರ ಡಿಸೆಂಬರಿನ ನೆರೆಯಲ್ಲಿ ಮುದ್ದೆಯಾಗಿ ಹೋಗಿದ್ದವು. ಆ ವಾರ ವೇಲಚೇರಿಯ ಬೀದಿಗಳಲ್ಲಿ ದೋಣಿಗಳು ಓಡಾಡಿದುದನ್ನು ಇಲ್ಲಿದ್ದವರು ಮರೆತಿರಲಾರರು.

ಉಳಿದಿದ್ದುದು ಅಟ್ಟದ ಮೇಲಿನ ಎರಡು ಕಂಪ್ಯೂಟರುಗಳು. ಒಂದು ಡಾಸ್ ಮಾತ್ರ ಬಲ್ಲ 486. ಅದರಲ್ಲಿ 2001ರವರೆಗಿನ ಸಂಬಳದ ಹಾಳೆಗಳನ್ನು ಲೋಟಸಿನಲ್ಲಿ ಬರೆಯುತ್ತಿದ್ದೆವು. ಇನ್ನೊಂದು ಗಲ್ಲಾದ ಪಕ್ಕದಲ್ಲಿದ್ದ ವಿಂಡೋಸ್ 98. ಎರಡೂ ಚಾಲೂ ಆದುವು! ಆದರೆ ಒಳಗಿನದನ್ನು ಹೊರಗೆ ತರುವುದು ಹೇಗೆ? ಮದರಾಸಿನ ಹವೆಗೆ ನಮ್ಮ ಫ್ಲಾಪಿಗಳೆಲ್ಲ ಬೂಷ್ಟು ಹಿಡಿದಿದ್ದವು. ವಿಂಡೋಸ್ 98ಕ್ಕೆ ಇಂದಿನ ಪೆನ್ ಡ್ರೈವ್ ಗುರುತೇ ಸಿಗದು. ಆದುದರಿಂದ ಇವೆರಡನ್ನೂ ನನ್ನ ಲ್ಯಾಪ್‌ಟಾಪನ್ನೂ ತಂತಿಯಿಂದ ಜೋಡಿಸಿ ಮನೆಯೊಳಗೇ ಒಂದು ಜಾಲ ಹೂಡುವುದೆಂದು ನಿಶ್ಚಯಿಸಿದೆವು. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನನಗೆ ಗುಮಾಸ್ತ ಮಿತ್ರರೊಬ್ಬರು ಗುರುವಾದರು.

ರಿಚಿ ಸ್ಟ್ರೀಟಿನಲ್ಲಿ ಅರ್ಧ ದಿನ ಅಲೆದು 486ಕ್ಕೆ ಹೊಂದುವ ಹಳೆಯ ನೆಟ್‌ವರ್ಕ್ ಕಾರ್ಡನ್ನು ಸಂಪಾದಿಸಿದೆ. ವಿಂಡೋಸ್ ಯಂತ್ರದಲ್ಲಿ ಅದು ಮೊದಲೇ ಇತ್ತು. ಮೂರು ಯಂತ್ರಗಳಿಂದಲೂ ಎಂಟೆಳೆಯ ತಂತಿಗಳನ್ನು ಎಳೆದು 'ಸ್ವಿಚ್' ಎಂಬ ಚಿಕ್ಕ ಪೆಟ್ಟಿಗೆಗೆ ಸಿಕ್ಕಿಸಿದೆವು. ಹಳೆಯ ಕಾರ್ಡು ಸೆಕೆಂಡಿಗೆ 10 ಮೆಗಾಬಿಟ್ ಮಾತ್ರ ಸಾಗಿಸಬಲ್ಲುದು, ಹೊಸದು ಅದರ ನೂರು ಪಟ್ಟು. ಸ್ವಿಚ್ಚು ಅವರವರ ವೇಗದಲ್ಲೇ ಅವರವರೊಡನೆ ವ್ಯವಹರಿಸುತ್ತದೆ. ಅನಂತರ ಪ್ರತಿಯೊಂದಕ್ಕೂ 192.168.1 ಎಂದು ಆರಂಭವಾಗಿ ಕೊನೆಯ ಅಂಕೆ ಮಾತ್ರ ಬೇರೆಯಾದ ವಿಳಾಸ ಕೊಡಬೇಕು. ಇದು ಹೋಟಲಿನವರಿಗೆ ಕಷ್ಟದ ಮಾತಲ್ಲ. ಎರಡು ಮೇಜಿಗೆ ಒಂದೇ ನಂಬರಿದ್ದರೆ ಮಾಣಿ ದೋಸೆಯನ್ನು ಎಲ್ಲಿಗೆ ಒಯ್ಯಬೇಕು?

ತಂತಿ ಕೂಡಿತು, ಮಾತು ಕೂಡಲಿಲ್ಲ. ವಿಂಡೋಸ್ 98 ಕಡತ ಹಂಚಿಕೊಳ್ಳಲು ಬಳಸುವ ಹಳೆಯ ಭಾಷೆಯನ್ನು ಹೊಸ ವಿಂಡೋಸ್ ಕೈಬಿಟ್ಟಿದೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಆ ಭಾಷೆಯ ದೋಷದಿಂದಲೇ ಲೋಕದ ಲಕ್ಷಾಂತರ ಯಂತ್ರಗಳಿಗೆ ಹರಡಿತು. ಅದೇ ವರ್ಷದ ಕೊನೆಯಿಂದ ವಿಂಡೋಸ್ 10ರಲ್ಲಿ ಅದನ್ನು ತಾನಾಗಿ ಸ್ಥಾಪಿಸುವುದು ನಿಂತಿತು. ಡಾಸಿಗಂತೂ ನೆರೆಹೊರೆಯ ಪರಿಚಯವೇ ಇಲ್ಲ.

ಆಗ ಮಿತ್ರರು ಸೂಚಿಸಿದ್ದು ಮೂರೂ ಅರಿಯಬಲ್ಲ ಎಫ್.ಟಿ.ಪಿ. ಎಂಬ ಕ್ರಮವನ್ನು. ಇದರ ಮೊದಲ ನಿಯಮಾವಳಿಯನ್ನು ಬರೆದವರು ಭಾರತೀಯರೆಂಬುದು ವಾಚಕರಿಗೆ ಸಂತೋಷದ ಸಂಗತಿಯಾದೀತು. ಕಾನಪುರದ ಐ.ಐ.ಟಿ.ಯ ಮೊದಲ ತಂಡದಲ್ಲಿ 1965ರಲ್ಲಿ ಪದವಿ ಪಡೆದ ಅಭಯ್ ಭೂಷಣರು ಅಮೆರಿಕದ ಎಂ.ಐ.ಟಿ.ಯಲ್ಲಿದ್ದಾಗ, 1971ರ ಏಪ್ರಿಲಿನಲ್ಲಿ ಅದನ್ನು ರಚಿಸಿದರು. ವಿಂಡೋಸ್ 98ರಲ್ಲಿ ಅದು ಅಡಕವಾಗಿಯೇ ಇದೆ. ಡಾಸಿಗಾಗಿ ಮೈಕೇಲ್ ಬ್ರಟ್‌ಮನ್ ಎಂಬುವರು ಬರೆದು ಉಚಿತವಾಗಿ ಹಂಚುತ್ತಿರುವ ಎಂ.ಟಿ.ಸಿ.ಪಿ. ಉಂಟು. ಎರವಲು ತಂದ ಡ್ರೈವಿನಲ್ಲಿ, ಹೇಗೋ ಬದುಕಿದ್ದ ಒಂದೇ ಫ್ಲಾಪಿಯಿಂದ ಅದನ್ನು 486ಕ್ಕೆ ಉಣಿಸಿದೆವು. ಮೂರನೆಯ ಸಲಕ್ಕೆ ಆ ಫ್ಲಾಪಿಯೂ ಪ್ರಾಣ ಬಿಟ್ಟಿತು. ಒಂದು ಎಚ್ಚರಿಕೆ: ಎಫ್.ಟಿ.ಪಿ.ಯಲ್ಲಿ ಗುಪ್ತಪದವೂ ಅಂಚೆ ಕಾರ್ಡಿನ ಬರಹದಂತೆ ತೆರೆದೇ ಸಾಗುತ್ತದೆ. ಆದುದರಿಂದ ಈ ಪುಟ್ಟ ಜಾಲವನ್ನು ಇಂಟರ್ನೆಟ್ಟಿಗೆ ಸೇರಿಸತಕ್ಕದ್ದಲ್ಲ.

ಮೊದಲ ರಾತ್ರಿ ಕಡತಗಳೆಲ್ಲ ಬಂದವು, ಒಂದೂ ತೆರೆಯಲಿಲ್ಲ. ಭಟ್ಟರ ಮುಖ ನೋಡಲಾರದೆ ದೀಪ ಆರಿಸಿ ಮಲಗಿದೆ. ಬೆಳಿಗ್ಗೆ ಮಿತ್ರರು ಬಂದು ನಕ್ಕುಬಿಟ್ಟರು. ಕಳುಹಿಸುವ ಮುನ್ನ 'ಬೈನರಿ' ಎಂಬ ಒಂದು ಪದವನ್ನು ಟೈಪು ಮಾಡಬೇಕಿತ್ತು. ಇಲ್ಲವಾದರೆ ಯಂತ್ರವು ಕಡತವನ್ನು ಬರೀ ಅಕ್ಷರಗಳ ಪತ್ರವೆಂದು ಭಾವಿಸಿ ಸಾಲಿನ ಕೊನೆಗಳನ್ನು ತಿದ್ದಿಬಿಡುತ್ತದೆ. ಮತ್ತೆ ಕಳುಹಿಸಿದೆವು. ಲಿಬ್ರೆ ಆಫೀಸಿನಲ್ಲಿ 1998ರ ಲೋಟಸ್ ಹಾಳೆ ಅಚ್ಚುಕಟ್ಟಾಗಿ ತೆರೆದುಕೊಂಡಿತು. ಅಡಿಗೆ ವಿಭಾಗದ ಮೊದಲ ಸಾಲಿನಲ್ಲೇ ಭಟ್ಟರ ಹೆಸರು, ಸಂಬಳ, ಕಡಿತ, ಪಿ.ಎಫ್. ನಂಬರು!

ವಿಂಡೋಸಿನ ಹಾಳೆಗಳಲ್ಲಿ ತೀರ್ಥರೂಪರು ಷರಾಗಳನ್ನು ಕನ್ನಡದಲ್ಲೇ ಬರೆಸುತ್ತಿದ್ದರು. 1998ರಲ್ಲಿ ಹೊರಬಂದ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶವೇ ಆಗ ನಮಗೆ ಆಸರೆ. ಆ ಕಾಲದ ಅಕ್ಷರಗಳು ಇಂಗ್ಲಿಷ್ ಲಿಪಿಯ ಸ್ಥಾನಗಳಲ್ಲಿ ಕುಳಿತಿದ್ದುದರಿಂದ, ಹೊಸ ಯಂತ್ರದಲ್ಲಿ ಅವು ಅರ್ಥವಿಲ್ಲದ ಪರದೇಶಿ ಅಕ್ಷರಗಳಾಗಿ ಕಂಡವು. ಯೂನಿಕೋಡಿಗೆ ಪರಿವರ್ತಿಸಿದಾಗ ಭಟ್ಟರ ಹೆಸರಿನೆದುರು ಕಂಡ ಷರಾ ಇಷ್ಟೇ: "ತಾಯಿಯ ಶ್ರಾದ್ಧಕ್ಕೆ ಊರಿಗೆ, 4 ದಿನ. ಸಂಬಳ ಹಿಡಿಯಬೇಡಿ." ಭಟ್ಟರು ಅದನ್ನು ಎರಡು ಸಲ ಓದಿಸಿಕೊಂಡರು. "ದೊಡ್ಡ ಧಣಿಗಳು ನನಗೆ ಹೇಳಲೇ ಇಲ್ಲ" ಎಂದಷ್ಟೇ ನುಡಿದು ಕನ್ನಡಕ ಒರೆಸಿಕೊಂಡರು.

ಅವರ ಅರ್ಜಿ ಈಗ ಕಛೇರಿಯಲ್ಲಿದೆ. ಉತ್ತರ ಇನ್ನೂ ಬಂದಿಲ್ಲ. ಅದೇ ಹಾಳೆಗಳಲ್ಲಿ ಮತ್ತೂ 31 ಮಂದಿಯ ನಂಬರುಗಳಿವೆ. ನಮ್ಮ ಹೋಟಲಿನಲ್ಲಿ ದುಡಿದವರು ಯಾವುದೇ ಭಾನುವಾರ ಬೆಳಿಗ್ಗೆ ಮನೆಗೆ ಬಂದು ತಮ್ಮದನ್ನು ಬರೆದುಕೊಂಡು ಹೋಗಬಹುದು. 486 ಎಚ್ಚರಗೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಕಾಫಿಯಾದೀತು.