‘ಅಕ್ಕ ಬಂತು’: ಚಳ್ಳಕೆರೆ, ಮೊಳಕಾಲ್ಮೂರು ತರಗತಿಗಳಲ್ಲಿ ಮನೆಮಾತಿನ ವ್ಯಾಕರಣ

ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮ್ಯಾಸನಾಯಕರ ಅನೇಕ ಹಟ್ಟಿಗಳ ಮನೆಮಾತು ತೆಲುಗು. ನೆರೆಯ ಕಾಡುಗೊಲ್ಲರ ಹಟ್ಟಿಗಳದು ಕನ್ನಡ. ಪಶುಪಾಲನೆಯಲ್ಲಿ, ದೇವರ ಎತ್ತುಗಳ ಆರಾಧನೆಯಲ್ಲಿ ಈ ಎರಡು ಸಮುದಾಯಗಳಿಗೆ ಹೋಲಿಕೆಯುಂಟು. ಮಾತು ಮಾತ್ರ ಬೇರೆ. ಲಂಬಾಣಿ ಮತ್ತು ಉರ್ದು ಭಾಷಿಕರೂ ಇಲ್ಲಿದ್ದಾರೆ. ಇವರ ಮಕ್ಕಳಲ್ಲಿ ಬಹುಪಾಲು ಕನ್ನಡ ಮಾಧ್ಯಮದ ಒಂದೇ ತರಗತಿಯಲ್ಲಿ ಕೂರುತ್ತಾರೆ. ಅಂತಹ ತರಗತಿಯೊಂದರಲ್ಲಿ ನಾವು ಕೇಳಿದ ಒಂದು ವಾಕ್ಯವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಬಾಗಿಲಲ್ಲಿ ಯಾರೆಂದು ಶಿಕ್ಷಕರು ಕೇಳಿದಾಗ ಎರಡನೆಯ ತರಗತಿಯ ಬಾಲಕಿ ‘ಅಕ್ಕ ಬಂತು ಸಾರ್’ ಎಂದಳು. ‘ಅಕ್ಕ ಏನು ಎಮ್ಮೆಯೇನೇ, ಬಂತು ಅನ್ನೋಕೆ?’ ಎಂದು ಶಿಕ್ಷಕರು ತಮಾಷೆಯಾಗಿಯೇ ಕೇಳಿದರು. ತರಗತಿ ನಕ್ಕಿತು. ಬಾಲಕಿ ಆ ದಿನ ಮತ್ತೆ ಬಾಯಿ ಬಿಡಲಿಲ್ಲ.

ಕನ್ನಡದ ಏಕವಚನದಲ್ಲಿ ಲಿಂಗವ್ಯವಸ್ಥೆ ಮೂರು ಬಗೆಯದು: ಅಣ್ಣ ಬಂದ, ಅಕ್ಕ ಬಂದಳು, ಹಸು ಬಂತು. ತೆಲುಗಿನದು ಎರಡೇ ಬಗೆ: ‘ಅನ್ನ ವಚ್ಚಾಡು’ ಎಂಬುದು ಪುಲ್ಲಿಂಗ, ‘ಅಕ್ಕ ವಚ್ಚಿಂದಿ’, ‘ಆವು ವಚ್ಚಿಂದಿ’ ಎರಡಕ್ಕೂ ಕ್ರಿಯಾಪದ ಒಂದೇ. ಇದರಲ್ಲಿ ಅಗೌರವದ ಸೋಂಕಿಲ್ಲ. ಅದು ಆ ಭಾಷೆಯ ಅನ್ವಯ ನಿಯಮ. ಬಾಲಕಿ ಕನ್ನಡದ ಪದಗಳನ್ನು ಕಲಿತು, ಅವನ್ನು ತನ್ನ ಮನೆಮಾತಿನ ನಿಯಮಕ್ಕೆ ಹೊಂದಿಸಿದ್ದಳು. ‘ಮಗು ಬಂತು’ ಎನ್ನುವ ಕನ್ನಡವೇ ಅವಳ ಊಹೆಗೆ ಪುಷ್ಟಿ ಕೊಟ್ಟಿರಲೂಬಹುದು. ಬಹುವಚನದಲ್ಲಿ ಎರಡೂ ಭಾಷೆಗಳ ವ್ಯವಸ್ಥೆ ಒಂದೇ: ಮನುಷ್ಯರಿಗೆ ಬಂದರು, ವಚ್ಚಾರು, ಉಳಿದವಕ್ಕೆ ಬಂದವು, ವಚ್ಚಾಯಿ. ಆದ್ದರಿಂದ ‘ಅಕ್ಕ ಬಂತು’ ಎನ್ನುವ ಮಗು ‘ಅಕ್ಕಂದಿರು ಬಂದವು’ ಎನ್ನಲಾರದು ಎಂಬುದು ನಮ್ಮ ನಿರೀಕ್ಷೆ. ಏಕವಚನದಲ್ಲಿ ತಪ್ಪಿ ಬಹುವಚನದಲ್ಲಿ ತಪ್ಪದಿರುವುದು ಅಜ್ಞಾನದ ಲಕ್ಷಣವಲ್ಲ, ವ್ಯವಸ್ಥೆಯ ಲಕ್ಷಣ. ಕ್ಷೇತ್ರಕಾರ್ಯ ಕೈಗೊಳ್ಳುವ ಸಂಶೋಧನಾ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು.

ಸರ್ವನಾಮದಲ್ಲಿ ತೊಡಕು ತಿರುಗುಮುರುಗಾಗುತ್ತದೆ. ತೆಲುಗಿನ ‘ಮನಮು’ ಕೇಳುಗರನ್ನು ಒಳಗೊಳ್ಳುತ್ತದೆ, ‘ಮೇಮು’ ಹೊರಗಿಡುತ್ತದೆ. ಕನ್ನಡಕ್ಕೆ ಇರುವುದು ‘ನಾವು’ ಒಂದೇ. ಪರಊರಿನಿಂದ ಬಂದ ಶಿಕ್ಷಕರು ‘ನಮ್ಮ ಭಾಷೆ’ ಎಂದಾಗ ಅದರಲ್ಲಿ ತಾನೂ ಸೇರಿದ್ದೇನೆಯೇ ಎಂಬುದನ್ನು ಹಟ್ಟಿಯ ಮಗು ಊಹಿಸಿಕೊಳ್ಳಬೇಕು. (ಈ ಲೇಖನದ ‘ನಾವು’ ಕೂಡ ಅದೇ ಸಂದಿಗ್ಧದಲ್ಲಿದೆ.)

ಜ್ಞಾತಿಪದಗಳಾದರೋ ಅಧ್ಯಾಪನಕ್ಕೆ ಸಿದ್ಧ ಸಾಮಗ್ರಿ. ಪಾಲು, ಪುಲಿ, ಪಂದಿ ಎನ್ನುವ ಮಗುವಿಗೆ ಹಾಲು, ಹುಲಿ, ಹಂದಿಗಳನ್ನು ಒಂದೊಂದಾಗಿ ಕಲಿಸಬೇಕಿಲ್ಲ. ಪಕಾರ–ಹಕಾರಗಳ ಸಂಬಂಧವನ್ನು ತೋರಿಸಿದರೆ ಸಾಕು. ತೆಲುಗಿನ ತಾಲವ್ಯೀಕರಣವೂ ಹಾಗೆಯೇ: ಕಿವಿಗೆ ಚೆವಿ, ಕೆರೆಗೆ ಚೆರುವು. ಊರಿನ ಹೆಸರಲ್ಲೇ ಕೆರೆಯಿರುವ ಚಳ್ಳಕೆರೆಗಿಂತ ಒಳ್ಳೆಯ ಉದಾಹರಣೆ ಬೇಕೆ?

ಶಿಕ್ಷಕರನ್ನು ದೂರಿ ಮುಗಿಸುವ ವಿಷಯ ಇದಲ್ಲ. ಅವರಲ್ಲೂ ಹಲವರು ಶಾಲೆಯ ಕನ್ನಡವನ್ನು ಶಾಲೆಯಲ್ಲಿಯೇ ಕಲಿತವರು. ಉರ್ದು ಮನೆಮಾತಿನ ಶಿಕ್ಷಕಿಗೆ ಕಿತಾಬ್ ಸ್ತ್ರೀಲಿಂಗ, ಕಾಗಜ್ ಪುಲ್ಲಿಂಗ. ‘ಅದು’ ಎಂಬುದರ ವ್ಯಾಪ್ತಿಯನ್ನು ಅವರೂ ಒಮ್ಮೆ ಕಷ್ಟಪಟ್ಟೇ ಕಲಿತಿರಬೇಕು. ಆ ನೆನಪು ಬೋಧನೆಗೆ ಬಂಡವಾಳವಾಗಬೇಕಿತ್ತು. ತೆಲುಗು ಬಲ್ಲ ಶಿಕ್ಷಕರು ಅದನ್ನು ಬಳಸದೆ ಇರುವುದಿಲ್ಲ. ಆದರೆ ತಪಾಸಣೆಗೆ ಯಾರಾದರೂ ಬಂದರೆ ನಿಲ್ಲಿಸಿಬಿಡುತ್ತಾರೆ. ಇನ್ನು ಕಾಡುಗೊಲ್ಲರ ಮಗುವಿನ ಮನೆಮಾತು ಕನ್ನಡವೇ ಆದರೂ ಪಠ್ಯಪುಸ್ತಕದ ಕನ್ನಡ ಅದಕ್ಕೂ ಹೊಸದು.

ಸಂವಿಧಾನದ 350ಎ ವಿಧಿ (1956) ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ಬಯಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ‘ಸಾಧ್ಯವಾದಷ್ಟು ಮಟ್ಟಿಗೆ’ ಎನ್ನುತ್ತದೆ. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಪೋಷಕರು ಎಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. ದಾಖಲಾತಿ ಪುಸ್ತಕದ ‘ಮಾತೃಭಾಷೆ’ ಕಲಂನಲ್ಲಿ ಪೋಷಕರು ‘ಕನ್ನಡ’ ಎಂದು ಬರೆಸಿದರೆ ಕಾಗದದ ಮೇಲೆ ಸಮಸ್ಯೆಯೇ ಇಲ್ಲ. ತೆಲುಗು ಮಾಧ್ಯಮವೂ ಇದಕ್ಕೆ ಪರಿಹಾರವಲ್ಲವೆಂದು ನಾವು ಭಾವಿಸುತ್ತೇವೆ: ಹಟ್ಟಿಯ ತೆಲುಗು ಆಡುನುಡಿ, ಗಡಿಯಾಚೆಯ ಪಠ್ಯಪುಸ್ತಕದ ತೆಲುಗು ಆ ಮಗುವಿಗೆ ಇನ್ನೊಂದು ಪರನುಡಿ.

ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ವರ್ಣಿಸಿದ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಗ್ರಾಮದಲ್ಲಿ ಮರಾಠಿಯ ಲಿಂಗವ್ಯವಸ್ಥೆ ಕನ್ನಡದ ಮಾದರಿಗೆ ಹೊಂದಿಕೊಂಡಿತ್ತು. ಅಲ್ಲಿ ವ್ಯಾಕರಣಗಳು ಸಮೀಪಿಸಲು ತಲೆಮಾರುಗಳ ಒಡನಾಟವಿತ್ತು. ನಮ್ಮ ಬಾಲಕಿಗೆ ದೊರೆತಿರುವುದು ಒಂದೆರಡು ವರ್ಷ, ಜೊತೆಗೆ ಪರೀಕ್ಷೆಯ ಅಂಕ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಪ್ರಾಕೃತ ಶಾಸನವನ್ನು ಬರೆದ ಚಪಡ ಬ್ರಾಹ್ಮೀ ಲಿಪಿಯನ್ನು ಬಳಸಿ, ಕೊನೆಯಲ್ಲಿ ಒಂದು ಪದವನ್ನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಹೊರಗಿನಿಂದ ಬಂದ ಅಕ್ಷರಸ್ಥನ ಗುರುತು ಈ ನೆಲಕ್ಕೆ ಹೊಸದಲ್ಲ. ಇಲ್ಲಿಗೆ ನೇಮಕಗೊಳ್ಳುವ ಶಿಕ್ಷಕರ ತರಬೇತಿಯಲ್ಲಿ ‘ಬಂದ–ಬಂದಳು–ಬಂತು’ಗಳ ಪಕ್ಕದಲ್ಲಿ ‘ವಚ್ಚಾಡು–ವಚ್ಚಿಂದಿ’ಗಳನ್ನಿರಿಸಿದ ಒಂದು ಪುಟವನ್ನು ಸೇರಿಸಲು ಹೆಚ್ಚು ಖರ್ಚಾಗದು. ಅದನ್ನು ಬರೆದುಕೊಡುವ ಕೆಲಸ ಭಾಷಾವಿಜ್ಞಾನಿಗಳದೇ.