ಕಾಡಿನ ಕಂಪಿನ ಮನೆಮದ್ಯ
ಮದ್ಯವು ಹಳತಾದಷ್ಟೂ ಹಿರಿದೆಂಬ ಮಾತಿಗೆ ಫಿನ್ಲೆಂಡಿನ ಹಳ್ಳಿಗರ ‘ಸಹ್ತಿ’ ಎಂಬ ಬಿಯರು ಹೊರತು. ಮೊಳಕೆ ಬರಿಸಿ ಒಣಗಿಸಿದ ಜವೆಗೋದಿಯನ್ನು ಬಿಸಿನೀರಿನಲ್ಲಿ ನೆನೆಯಿಟ್ಟು, ಆ ಸಿಹಿರಸವನ್ನು ಜುನಿಪರ್ ಗಿಡದ ರೆಂಬೆಗಳನ್ನು ಹಾಸಿದ ಮರದ ತೊಟ್ಟಿಯಲ್ಲಿ ಸೋಸುತ್ತಾರೆ. ಬಿಯರಿಗೆ ಕಹಿಯನ್ನೀಯುವ ಹಾಪ್ ಹೂವು ಇಲ್ಲಿ ಅತ್ಯಲ್ಪ. ಕಾಡಿನ ಕಂಪೇ ಇದರ ಒಗ್ಗರಣೆ. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟನ್ನೇ ಬೆರೆಸಿ ಹುಳಿಯಿಸುವುದರಿಂದ ಬಾಳೆಹಣ್ಣಿನ ವಾಸನೆಯೂ ಮೂಡುತ್ತದೆ.

ರಸವನ್ನು ಕುದಿಸುವ ರೂಢಿ ಸಾಮಾನ್ಯವಾಗಿ ಇಲ್ಲದುದರಿಂದ ಸಹ್ತಿ ಬಹುಕಾಲ ಕೆಡದೆ ಉಳಿಯದು. ದೂರದ ಪೇಟೆಗೆ ಸಲ್ಲದು. ಮದುವೆ, ಹಬ್ಬಗಳಿಗೆಂದು ಮನೆಯಲ್ಲಿ ಮಾಡಿ, ನೆರೆಹೊರೆಯವರೊಡನೆ ಕುಡಿದು ಮುಗಿಸುವುದೇ ವಾಡಿಕೆ. 2002ರಲ್ಲಿ ಯುರೋಪಿಯನ್ ಒಕ್ಕೂಟವು ಸಾಂಪ್ರದಾಯಿಕ ಪದಾರ್ಥಗಳ ಪಟ್ಟಿಯಲ್ಲಿ ಈ ಹೆಸರನ್ನು ನೋಂದಾಯಿಸಿತು. ಹೆಸರನ್ನು ಕಾನೂನು ಕಾದೀತು. ಕಪಾಟಿನಲ್ಲಿಟ್ಟು ಉಳಿಸಲಾಗದ ಈ ರುಚಿಯಾದರೋ, ಮಾಡುವ ಮನೆಗಳಿರುವವರೆಗೆ ಮಾತ್ರ ಇದ್ದೀತು.