ಧಾರಾವಾಹಿ ಓದುವ ಬಗೆ: ಊಹೆಯೂ ಆಸೆಯೂ

ಕತೆಯ ಕೊನೆಯಲ್ಲಿ 'ಸಶೇಷ' ಎಂಬ ಮೂರಕ್ಷರ ಕಂಡರೆ ಓದುಗನಿಗೆ ಕೋಪವೂ ಬರುತ್ತದೆ, ಕುತೂಹಲವೂ ಹುಟ್ಟುತ್ತದೆ. ಇನ್ನೂ ಉಳಿದಿದೆ ಎಂದು ಅದರ ಅರ್ಥ. ಉಳಿದ ಭಾಗ ಕೈಗೆ ಬರುವ ತನಕ ಮನಸ್ಸು ಸುಮ್ಮನಿರುವುದಿಲ್ಲ. ನಾಯಕ ಅಪಾಯದಿಂದ ಪಾರಾಗುವನೇ? ನಾಯಕಿಯ ಮದುವೆ ಯಾರೊಡನೆ? ಹೀಗೆ ಊಹೆ ಬೆಳೆಯುತ್ತದೆ. ಒಬ್ಬರ ಊಹೆಯನ್ನು ಇನ್ನೊಬ್ಬರು ಒಪ್ಪದಿದ್ದಾಗ ವಾದ ಹುಟ್ಟುತ್ತದೆ.

ಹಿಂದೂಪುರ, ಕಲ್ಯಾಣದುರ್ಗದಂತಹ ಗಡಿಯ ಊರುಗಳಲ್ಲಿ ಮನೆಯಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ತೆಲುಗು ಆಡುತ್ತ ಬೆಳೆಯುವ ಮಕ್ಕಳ ಬಾಯಲ್ಲೂ ಈಗ ಜಪಾನಿನ ಚಿತ್ರಕಥೆಗಳ ಹೆಸರು ಕೇಳಿಬರುತ್ತದೆ. ಆ ದೇಶದಲ್ಲಿ ಚಿತ್ರಕಥೆಗೆ 'ಮಾಂಗಾ' ಎನ್ನುತ್ತಾರೆ. "ಪಾಠ ಬಿಟ್ಟು ಯಾರದೋ ಮದುವೆಯ ಚಿಂತೆ ಇವರಿಗೇಕೆ?" ಎಂದು ತಂದೆತಾಯಂದಿರು ಬೇಸರಪಡುವುದುಂಟು. ಆ ಬೇಸರಕ್ಕೆ ಕಾರಣವಿಲ್ಲದಿಲ್ಲ. ಆದರೆ ಈ ಚರ್ಚೆ ಹೊಸದಲ್ಲ. ಸರಿಯಾಗಿ ಮಾಡಿದರೆ ವ್ಯರ್ಥವೂ ಅಲ್ಲ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹಿರಿಯರ ಕಾಲವನ್ನೇ ನೋಡೋಣ. ೧೯೬೫ರಲ್ಲಿ ಆರಂಭವಾದ 'ಸುಧಾ' ವಾರಪತ್ರಿಕೆಯಲ್ಲಿ ಫ್ಯಾಂಟಮ್ ಎಂಬ ಚಿತ್ರಕಥೆ ಬರುತ್ತಿದ್ದುದು ಅನೇಕ ಪೋಷಕರಿಗೆ, ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಮುಖಕ್ಕೆ ಮುಸುಕು, ಬೆರಳಿಗೆ ತಲೆಬುರುಡೆಯ ಉಂಗುರ, ಕಾಡಿನ ನಡುವೆ ಬುರುಡೆಯಾಕಾರದ ಗುಹೆ! ಅಮೆರಿಕದ ಲೀ ಫಾಕ್ ಈ ಕತೆಯನ್ನು ೧೯೩೬ರಲ್ಲಿ ಆರಂಭಿಸಿದರು. ಡಯಾನಾ ಪಾಮರ್ ಎಂಬ ತರುಣಿ ಮೊದಲ ಕತೆಯಲ್ಲಿಯೇ ಕಾಣಿಸಿಕೊಂಡಳು. ಫ್ಯಾಂಟಮ್‌ಗೆ ಅವಳಲ್ಲಿ ಪ್ರೀತಿ. ಅವಳಿಗೂ ಅವನಲ್ಲಿ ಪ್ರೀತಿ. ಆದರೂ ಮದುವೆ ನಡೆದದ್ದು ೧೯೭೭ರಲ್ಲಿ. ಓದುಗರು ೪೧ ವರ್ಷ ಕಾದರು! ಕತೆ ಆರಂಭವಾದಾಗ ಬಾಲಕರಾಗಿದ್ದವರು ಮದುವೆಯ ಹೊತ್ತಿಗೆ ಅಜ್ಜಂದಿರಾಗುವ ವಯಸ್ಸಿಗೆ ಬಂದಿದ್ದರು.

ಈ ಮದುವೆ ನಡೆಯುವುದೆಂದು ಮುಂಚೆಯೇ ಹೇಳಬಹುದಿತ್ತೇ? ಬಹುದಿತ್ತು. ಫ್ಯಾಂಟಮ್‌ಗೆ ಸಾವಿಲ್ಲವೆಂದು ಕಾಡಿನ ಜನ ನಂಬುತ್ತಾರೆ. ನಿಜವೇನೆಂದರೆ ತಂದೆಯ ನಂತರ ಮಗ ಅದೇ ವೇಷ ಧರಿಸುತ್ತಾನೆ. ನಮಗೆ ಪರಿಚಯವಾದವನು ಆ ವಂಶದ ೨೧ನೆಯವನು. ೨೨ನೆಯವನು ಬರಬೇಕಾದರೆ ಇವನು ಗೃಹಸ್ಥನಾಗಲೇಬೇಕಲ್ಲವೇ? ಕತೆಯ ಕಟ್ಟಿನಲ್ಲಿಯೇ ಮದುವೆಯ ಸೂಚನೆ ಅಡಗಿತ್ತು. ಮದುವೆಯ ನಂತರ ಕಿಟ್, ಹೆಲೊಯಿಸ್ ಎಂಬ ಅವಳಿ ಮಕ್ಕಳೂ ಹುಟ್ಟಿದರು.

ಹೀಗೆ ಮುಂದೆ ಬರುವುದನ್ನು ಮೊದಲೇ ಸೂಕ್ಷ್ಮವಾಗಿ ತಿಳಿಸುವುದಕ್ಕೆ ಮುನ್ಸೂಚನೆ ಎನ್ನುತ್ತೇವೆ. ಜಪಾನೀಯರು 'ಫುಕುಸೆನ್' ಎನ್ನುತ್ತಾರೆ. ಮರೆಯಲ್ಲಿಟ್ಟ ಎಳೆ ಎಂದು ಅದರ ಭಾವ. ನಮ್ಮ ಹಿರಿಯರಿಗೆ ಇದು ತಿಳಿಯದ ವಿಷಯವಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಕಥಾವಸ್ತುವಿನ ಅಂಗಗಳನ್ನು ಹೇಳುವಾಗ ಮೊದಲು ಬರುವುದು 'ಬೀಜ'. ಆರಂಭದಲ್ಲಿ ಚಿಕ್ಕದಾಗಿ ಬಿತ್ತಿದ್ದು, ಹಲವು ಕಡೆ ಹರಡಿ, ಕೊನೆಗೆ ಫಲವಾಗುವುದು. ಮುಖ್ಯ ಕತೆಯ ಜೊತೆಗೆ ದೂರ ಸಾಗುವ ಉಪಕಥೆ 'ಪತಾಕೆ'. ಸ್ವಲ್ಪ ದೂರ ಬಂದು ನಿಲ್ಲುವುದು 'ಪ್ರಕರಿ'. ರಾಮಾಯಣದಲ್ಲಿ ಸುಗ್ರೀವನ ಕತೆ ಪತಾಕೆ, ಶಬರಿಯ ಕತೆ ಪ್ರಕರಿ.

ನಮ್ಮ ಸೀಮೆಯ ಮಕ್ಕಳಿಗೆ ಬೀಜದ ಮಾತನ್ನು ವಿವರಿಸುವುದು ಸುಲಭ. ಕಡಲೆಕಾಯಿ ಗಿಡದ ಹೂವು ಬಿಡುವುದು ನೆಲದ ಮೇಲೆ. ಕಾಯಿ ಕಟ್ಟುವುದು ಮಣ್ಣಿನೊಳಗೆ. ಹೂವನ್ನು ಎಲ್ಲರೂ ನೋಡುತ್ತಾರೆ. ಅದರಿಂದ ಇಳಿದ ಎಳೆ ಮಣ್ಣಿಗೆ ಹೊಕ್ಕದ್ದನ್ನು ಗಮನಿಸುವವನು ರೈತ. ಒಳ್ಳೆಯ ಓದುಗನೂ ಹಾಗೆಯೇ.

ಕಾಳಿದಾಸನ ಶಾಕುಂತಲವನ್ನು ನೆನೆಯಿರಿ. ಶಾಪ, ಕಳೆದುಹೋದ ಉಂಗುರ, ಮೀನಿನ ಹೊಟ್ಟೆ ಇವೆಲ್ಲ ನಂತರದ ಮಾತು. ಮೊದಲ ಅಂಕದಲ್ಲಿಯೇ, ಗಿಡಗಳಿಗೆ ನೀರೆರೆಯುವ ಶಕುಂತಲೆಯ ಬಾಕಿ ತೀರಿಸಲು ದುಷ್ಯಂತ ತನ್ನ ಹೆಸರಿರುವ ಉಂಗುರವನ್ನು ಮುಂದೆ ಹಿಡಿಯುತ್ತಾನೆ. ಸಖಿಯರು ಅದರ ಮೇಲಿನ ಅಕ್ಷರಗಳನ್ನು ಓದುತ್ತಾರೆ. ಆಗ ಅದೊಂದು ಹಾಸ್ಯದ ಸನ್ನಿವೇಶ. ಮುಂದೆ ಇಡೀ ನಾಟಕ ಆ ಉಂಗುರದ ಮೇಲೆಯೇ ನಿಲ್ಲುತ್ತದೆ.

ಚಿತ್ರಕಥೆಯಲ್ಲಿ ಈ ಬೀಜ ಮಾತಿನಲ್ಲಿ ಮಾತ್ರವಲ್ಲ, ಚಿತ್ರದಲ್ಲಿಯೂ ಇರುತ್ತದೆ. ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಹೋದಾಗ ತಲೆಯೆತ್ತಿ ಚಾವಣಿಯನ್ನು ನೋಡಿ. ೧೬ನೆಯ ಶತಮಾನದ ವಿಜಯನಗರದ ಚಿತ್ರಕಾರರು ಗಿರಿಜಾಕಲ್ಯಾಣ, ದ್ರೌಪದೀ ಸ್ವಯಂವರ, ಕಿರಾತಾರ್ಜುನೀಯ ಮೊದಲಾದ ಕತೆಗಳನ್ನು ಬಣ್ಣದಲ್ಲಿ ಬರೆದಿದ್ದಾರೆ. ಯಾರು ಯಾರ ಕಡೆ ನೋಡುತ್ತಿದ್ದಾರೆ, ಕೈ ಎತ್ತ ತೋರಿಸುತ್ತಿದೆ ಎಂಬುದನ್ನು ಗಮನಿಸಿದರೆ ಕತೆ ತಾನಾಗಿ ತೆರೆದುಕೊಳ್ಳುತ್ತದೆ. ಮಾಂಗಾ ಓದಲೂ ಬೇಕಾದದ್ದು ಇದೇ ಕಣ್ಣು.

ಈಗ ಮಕ್ಕಳ ವಾದಕ್ಕೆ ಬರೋಣ. ಮಸಾಶಿ ಕಿಶಿಮೊಟೊ ಬರೆದ 'ನಾರುಟೊ' ಜಪಾನಿನ ಒಂದು ವಾರಪತ್ರಿಕೆಯಲ್ಲಿ ೧೯೯೯ರಿಂದ ೨೦೧೪ರವರೆಗೆ ೭೦೦ ಅಧ್ಯಾಯಗಳಲ್ಲಿ ಬಂತು. ಪುಸ್ತಕವಾದಾಗ ೭೨ ಸಂಪುಟ! ನಾರುಟೊ ಎಂಬ ಅನಾಥ ಹುಡುಗ ತನ್ನ ಊರಿನ ನಾಯಕನಾಗಬೇಕೆಂದು ಹೊರಟ ಕತೆ ಇದು. ಪ್ರೇಮ ಇಲ್ಲಿ ಉಪಕಥೆ ಮಾತ್ರ. ಆದರೂ ಓದುಗರು ಲೋಕದಾದ್ಯಂತ ಎರಡು ಪಕ್ಷವಾದರು. ನಾರುಟೊ ಮೊದಲಿನಿಂದ ಮೆಚ್ಚಿದ್ದು ಸಕುರಾಳನ್ನು; ಆದ್ದರಿಂದ ಅವಳೊಡನೆಯೇ ಮದುವೆ ಎಂದು ಒಂದು ಪಕ್ಷ. ಎಲ್ಲರೂ ಅವನನ್ನು ಹೀಯಾಳಿಸುತ್ತಿದ್ದಾಗಲೂ ಅವನ ಛಲವನ್ನು ದೂರದಿಂದ ಕಂಡು ಗೌರವಿಸಿದವಳು ಹಿನಾಟಾ. ಅವಳೇ ತಕ್ಕವಳು ಎಂದು ಇನ್ನೊಂದು ಪಕ್ಷ.

ಯಾವ ಪಕ್ಷದ ಆಧಾರ ಗಟ್ಟಿ? ಸಕುರಾಳ ಮನಸ್ಸು ಆರಂಭದಿಂದಲೂ ಸಾಸುಕೆ ಎಂಬವನ ಕಡೆಗಿತ್ತು. ಅವನು ಊರು ಬಿಟ್ಟುಹೋದ ಮೇಲೂ ಅದು ಪೂರ್ತಿ ತಿರುಗಲಿಲ್ಲ. ಹಿನಾಟಾ ನಾಚಿಕೆಯ ಹುಡುಗಿ, ಮಾತು ಕಡಿಮೆ. ಆದರೆ ಶತ್ರು ಊರನ್ನು ಹಾಳುಮಾಡಿ ನಾರುಟೊನನ್ನು ನೆಲಕ್ಕೆ ಕೆಡವಿದಾಗ, ಗೆಲ್ಲಲಾರೆನೆಂದು ತಿಳಿದೂ ಅವಳು ಅಡ್ಡ ನಿಂತಳು. ತನ್ನ ಪ್ರೀತಿಯನ್ನು ಆಗ ಬಾಯಿಬಿಟ್ಟು ಹೇಳಿದಳು. ಕೊನೆಗೆ ನಾರುಟೊ ಹಿನಾಟಾಳನ್ನೂ ಸಾಸುಕೆ ಸಕುರಾಳನ್ನೂ ಮದುವೆಯಾದರು. ಮೊದಲ ಪಕ್ಷದವರು ನಾಯಕನ ಮಾತನ್ನು ಎಣಿಸಿದರು. ಎರಡನೆಯವರು ನಾಯಕಿಯರ ಮನಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಮದುವೆಗೆ ಇಬ್ಬರ ಒಪ್ಪಿಗೆ ಬೇಕೆಂಬುದನ್ನು ನೆನಪಿಟ್ಟವರ ಊಹೆ ಸರಿಯಾಯಿತು.

ಇದರಿಂದ ತಿಳಿಯುವುದೇನು? ಆಸೆ ಬೇರೆ, ಊಹೆ ಬೇರೆ. 'ಹೀಗಾಗಬೇಕು' ಎನ್ನುವುದು ಆಸೆ. 'ಇಂತಹ ಕಾರಣಗಳಿಂದ ಹೀಗಾಗಬಹುದು' ಎನ್ನುವುದು ಊಹೆ. ಊಹಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಸೂಚನೆ ನಿಜವಾಗಿ ಕತೆಯಲ್ಲಿದೆಯೇ, ನಾನೇ ಸೇರಿಸಿದ್ದೇ? ಅದು ಒಮ್ಮೆ ಬಂದು ಹೋಯಿತೇ, ಮತ್ತೆ ಮತ್ತೆ ಬರುತ್ತಿದೆಯೇ? ಇದಕ್ಕೆ ವಿರುದ್ಧವಾದ ಸೂಚನೆಗಳನ್ನು ನಾನು ನೋಡಿಯೂ ನೋಡದಂತೆ ಬಿಟ್ಟಿರುವೆನೇ? ವಿಜ್ಞಾನದ ಪ್ರಯೋಗಕ್ಕೂ ನ್ಯಾಯಾಲಯದ ವಾದಕ್ಕೂ ಬೇಕಾದ ಶಿಸ್ತು ಇದೇ.

ಇಷ್ಟಾದರೂ ಊಹೆ ತಪ್ಪಬಹುದು, ಏಕೆಂದರೆ ಬರೆಯುವವನೇ ಮನಸ್ಸು ಬದಲಿಸಬಹುದು. ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ ೧೮೬೦-೬೧ರಲ್ಲಿ ವಾರವಾರ ಪ್ರಕಟಿಸಿದ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ಅಗಲಿಹೋಗುವಂತೆ ಮೊದಲು ಬರೆದಿದ್ದನು. ಲೇಖಕ ಮಿತ್ರ ಬುಲ್ವರ್ ಲಿಟ್ಟನ್‌ನ ಸಲಹೆಯಂತೆ, ಅಚ್ಚಾಗುವ ಮೊದಲೇ ಅವರು ಮತ್ತೆ ಕೂಡುವ ಆಶೆ ತೋರುವಂತೆ ತಿದ್ದಿದನು. ಯಾವ ಮುಕ್ತಾಯ ಮೇಲು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆದ್ದರಿಂದ ಗೆದ್ದವರು ಬೀಗಬೇಕಾಗಿಲ್ಲ, ಸೋತವರೊಡನೆ ಮಾತು ಬಿಡಬೇಕಾಗಿಯೂ ಇಲ್ಲ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಕತೆಯ ಇಬ್ಬರನ್ನು ಜೋಡಿ ಮಾಡಿದರೆ ಯಾರಿಗೂ ನೋವಾಗದು. ಅವರು ಕಾಗದದ ಮೇಲಿನವರು. ಅದೇ ಆಟವನ್ನು ತರಗತಿಗೆ ತಂದು, ಸಹಪಾಠಿಗಳಿಬ್ಬರ ಹೆಸರನ್ನು ಕೂಡಿಸಿ ಗೋಡೆಯ ಮೇಲೋ ಬೆಂಚಿನ ಮೇಲೋ ಬರೆಯುವುದು ಆಟವಲ್ಲ. ಬರೆದವನು ಮರುದಿನ ಮರೆಯುತ್ತಾನೆ. ಆ ಸುದ್ದಿ ಮನೆಗೆ ಮುಟ್ಟಿದರೆ ಹುಡುಗಿಯ ಓದೇ ನಿಂತುಹೋಗಬಹುದು. ಹಾಗಾದಾಗ 'ಮುಂದಿನ ಸಂಚಿಕೆಯಲ್ಲಿ ಸರಿಹೋಗುತ್ತದೆ' ಎನ್ನುವಂತಿಲ್ಲ. ಪೋಷಕರೂ ಇಂತಹ ಗೋಡೆಬರಹವನ್ನು ನಂಬಿ ಮಗಳನ್ನು ಶಾಲೆ ಬಿಡಿಸಬಾರದು. ಆಧಾರವಿಲ್ಲದ ಮಾತು ಕತೆಯಲ್ಲಿಯೇ ನಿಲ್ಲುವುದಿಲ್ಲವೆಂದ ಮೇಲೆ ಬದುಕಿನಲ್ಲಿ ನಿಲ್ಲುವುದೆಂತು?

ಪೋಷಕರಲ್ಲಿ ಒಂದು ವಿನಂತಿ. ಮಗುವಿನ ಕೈಯಿಂದ ಚಿತ್ರಕಥೆಯನ್ನು ಕಿತ್ತುಕೊಳ್ಳುವ ಮೊದಲು "ಮುಂದೇನಾಗುತ್ತದೆ? ಏಕೆ ಹಾಗೆನ್ನುತ್ತೀಯೆ?" ಎಂದು ಕೇಳಿ. ಓದಿಗೆ ಗಂಟೆಯ ಮಿತಿ ಇರಲಿ, ಮಾತಿಗೆ ಬೇಡ. ಮಕ್ಕಳೇ, ನೀವು ಓದುತ್ತಿರುವ ಧಾರಾವಾಹಿಯ ಮುಂದಿನ ಕಂತು ಬರುವ ಮುನ್ನ ನಿಮ್ಮ ಊಹೆಯನ್ನೂ ಅದಕ್ಕೆ ಎರಡು ಕಾರಣಗಳನ್ನೂ ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಂತು ಬಂದ ಮೇಲೆ ಹೋಲಿಸಿ ನೋಡಿ. ಊಹೆ ಸರಿಯಾದರೆ ಸಂತೋಷ. ತಪ್ಪಿದರೆ ಯಾವ ಎಳೆ ಕಣ್ತಪ್ಪಿತೆಂದು ಹಿಂದಿನ ಪುಟ ತಿರುವಿಹಾಕಿ.